ಮಂಜಿನೊಳಗಿನ ನಲವತ್ತೊಂದನೇ ಗೋಲು

ಗುಡ್ಡೆಮನೆ ಕಾಲೇಜಿನ ಫುಟ್‌ಬಾಲ್ ಚರಿತ್ರೆಯಲ್ಲಿ ಅತಿ ಶ್ರೇಷ್ಠ ಫಾರ್ವರ್ಡ್ ಯಾರು ಎಂಬ ಪ್ರಶ್ನೆ ಸುಂಟಿಕೊಪ್ಪದ ಪ್ರಸಾದನ ಸಲೂನಿನಲ್ಲಿ ಮೂರು ಭಾನುವಾರಗಳಿಂದ ಕುದಿಯುತ್ತಿತ್ತು. ಅಷ್ಟರಲ್ಲಿ ಎರಡು ಗೆಳೆತನ ಮುರಿದಿದ್ದವು, ಒಂದು ಬಾಚಣಿಗೆಯೂ ಮುರಿದಿತ್ತು. ವಾಟ್ಸಾಪ್ ಗುಂಪಿನಿಂದ ಹದಿನಾಲ್ಕು ಜನ ಸಿಟ್ಟಿನಿಂದ ಹೊರಗೆ ಹೋಗಿ, ಹದಿಮೂರು ಜನ ವಾಪಸ್ ಬಂದಿದ್ದರು. ಹದಿನಾಲ್ಕನೆಯವನದು ಸಿಟ್ಟಲ್ಲ, ಡೇಟಾ ಮುಗಿದಿತ್ತು.

ಇವತ್ತು ತೀರ್ಮಾನ ಆಗಲೇಬೇಕಿತ್ತು. ಮುಂದಿನ ಭಾನುವಾರ ಮಳೆಗಾಲದ ಟೂರ್ನಮೆಂಟ್ ಶುರು. ಮೈದಾನದ ಗೇಟಿಗೆ ಐವರು ಶ್ರೇಷ್ಠರ ಫ್ಲೆಕ್ಸ್ ಕಟ್ಟಬೇಕು. ನಾಲ್ಕು ಗಂಟೆಯೊಳಗೆ ಹೆಸರು ಕಳಿಸದಿದ್ದರೆ ತಾನು ಫೋನ್ ಎತ್ತುವುದಿಲ್ಲ ಎಂದು ಕುಶಾಲನಗರದ ಫ್ಲೆಕ್ಸ್‌ನವನು ಹೇಳಿಬಿಟ್ಟಿದ್ದ.

ಗೋಡೆ ಪಕ್ಕದ ಬೆಂಚಿನಲ್ಲಿ ಬೋಜಪ್ಪ ಹಳೆಯ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಜೀವನದಲ್ಲಿ ಒಂದು ಸಲವೂ ಫುಟ್‌ಬಾಲಿಗೆ ಒದ್ದವನಲ್ಲ. ಮೂವತ್ತೈದು ವರ್ಷಗಳಿಂದ ಆಟದ ವಿವರಣೆಗೆ ಮೈಕು ಹಿಡಿದವನು. ಕಾಲೇಜಿನ ರಿಜಿಸ್ಟರು ಗೆದ್ದಲಿಗೆ ಊಟವಾದ ಮೇಲೆ ಯಾರು ಎಷ್ಟು ಗೋಲು ಹೊಡೆದರು ಎಂಬುದಕ್ಕೆ ಉಳಿದ ದಾಖಲೆ ಅವನ ನೋಟ್‌ಬುಕ್ ಒಂದೇ. ಆ ಊರಲ್ಲಿ ಜುಲೈ, ಆಗಸ್ಟಿನಲ್ಲಿ ಮೈದಾನಕ್ಕೆ ಮಂಜು ಇಳಿದರೆ ಪಕ್ಕದಲ್ಲಿ ನಿಂತವನ ಛತ್ರಿ ಕಾಣುವುದಿಲ್ಲ. ಜನ ಆಟ ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ. ಬೋಜಪ್ಪ ಮೈಕಲ್ಲಿ ಕೂಗಿದ ಗೋಲೇ ಗೋಲು, ಕೂಗದ್ದು ಬರೀ ಒದೆತ.

ವಾಟ್ಸಾಪ್ ಗುಂಪಿನ ಅಡ್ಮಿನ್ ನಂದೀಶ್ ಟೂರ್ನಮೆಂಟಿನ ಕಾರ್ಯದರ್ಶಿಯೂ ಹೌದು. ಅವನು ಮೊಬೈಲಿನಲ್ಲಿ ಪಟ್ಟಿ ಬರೆಯುತ್ತಿದ್ದ. ಐದನೇ ಸ್ಥಾನ ಗಿರಿಗೆ ಹೋಯಿತು. ಅಪ್ಪನ ಕೈಗೆ ಸಿಗದಂತೆ ಓಡಿ ಓಡಿ ಕಾಲು ಪಳಗಿಸಿಕೊಂಡವನು. ನಾಲ್ಕನೆಯದು ಮಿಲನ್, ಗೋಲ್ ಪೋಸ್ಟಿಗೆ ಎರಡು ಹಲ್ಲು ದಾನ ಮಾಡಿದವನು. ಮೂರನೆಯದು ಧರ್ಮೇಶ್. ಹೊಡೆದ ಗೋಲೆಲ್ಲ ತಲೆಯಿಂದಲೇ. ಆ ತಲೆಯನ್ನು ಅವನು ಬೇರೆ ಯಾವ ಕೆಲಸಕ್ಕೂ ಬಳಸಿರಲಿಲ್ಲವಾದ್ದರಿಂದ ಡಿಗ್ರಿ ಪರೀಕ್ಷೆಗೆ ಐದು ಸಲ ಕೂರಬೇಕಾಯಿತು.

ಉಳಿದವರು ಇಬ್ಬರು, ಇಬ್ಬರೂ ಸಲೂನಿನಲ್ಲೇ ಇದ್ದರು. ಒಬ್ಬ ಶಿರಂಗಾಲದ ಶುಂಠಿ ಬೆಳೆಗಾರ ದೇವರಾಜು. ಆಡುವಾಗ “ಕೊಡ್ಲಾ, ಕೊಡ್ಲಾ” ಎಂದು ಬಾಲು ಕೇಳುತ್ತಾ ಕೂಗುವುದೇ ಅವನ ಅರ್ಧ ಆಟ. ಇನ್ನೊಬ್ಬ ಜವರಿ, ಎಸ್ಟೇಟಿನ ಕೂಲಿ ಲೈನ್‌ಮನೆಯಲ್ಲಿ ಹುಟ್ಟಿ ಈಗ ಅದೇ ಎಸ್ಟೇಟಿನ ಜೀಪು ಓಡಿಸುವವನು. ಗೋಲು ಹೊಡೆದರೆ ಜವರಿ ಕುಣಿಯುತ್ತಿರಲಿಲ್ಲ, ಓಡುತ್ತಿರಲಿಲ್ಲ. ಇದ್ದಲ್ಲೇ ಎರಡೂ ಕೈ ಎತ್ತಿ, ಮೈಕಲ್ಲಿ ತನ್ನ ಹೆಸರು ಬರುವವರೆಗೂ ಸುಮ್ಮನೆ ನಿಲ್ಲುತ್ತಿದ್ದ. ಈಗ ಅವನು ಪ್ರಸಾದನ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಗಂಟಲ ಮೇಲೆ ಕತ್ತಿ ಇದ್ದವನು ತನ್ನ ಪರ ವಾದ ಮಾಡುವಂತಿಲ್ಲ.

“ಬೋಜಪ್ಪಣ್ಣ, ಲೆಕ್ಕ ಹೇಳಿ” ಎಂದ ನಂದೀಶ್.

“ದೇವರಾಜು ನಲವತ್ತೊಂದು. ಜವರಿ ನಲವತ್ತು.”

“ಮುಗೀತಲ್ಲ!” ದೇವರಾಜು ತೊಡೆ ತಟ್ಟಿದ. “ನಲವತ್ತೊಂದನೇದು ಯಾವುದು ಗೊತ್ತೇನ್ರಪ್ಪಾ? ತೊಂಬತ್ತೊಂಬತ್ತರ ಫೈನಲ್ಲು, ವಿರಾಜಪೇಟೆಯೋರ ಮೇಲೆ. ಇನ್ನು ಎರಡೇ ನಿಮಿಷ ಇತ್ತು. ಮಂಜು ಅಂದ್ರೆ ಮಂಜು, ನನ್ನ ಕಾಲು ನಂಗೇ ಕಾಣ್ತಿರಲಿಲ್ಲ. ಎದುರಿಗೆ ಕಪ್ಪಗೆ ಏನೋ ಉರುಳ್ಕೊಂಡು ಬಂತು. ಬೀಸಿ ಒದ್ದೆ ನೋಡು! ಕೆಸರು ಕುಡಿದು ಆ ಬಾಲು ಏನು ಭಾರ ಅಂತೀರಾ, ಕಾಲು ಮೂರು ದಿನ ಊದ್ಕೊಂಡಿತ್ತು.”

ಈ ಕಥೆಯನ್ನು ಊರು ಇಪ್ಪತ್ತಾರು ವರ್ಷಗಳಿಂದ ಕೇಳಿತ್ತು. ಕಾಲೇಜಿಗೆ ಸಿಕ್ಕ ಒಂದೇ ಒಂದು ಟೂರ್ನಮೆಂಟ್ ಕಪ್ಪು ಆ ಗೋಲಿನಿಂದ ಬಂದದ್ದು. ದೇವರಾಜುವಿಗೆ ಹೆಂಡತಿ ಸಿಕ್ಕಿದ್ದೂ ಅದರಿಂದಲೇ. ಕಾಮಾಕ್ಷಮ್ಮನ ಅಪ್ಪ ಅವತ್ತು ಆಟ ನೋಡಲು ಬಂದು, ಮಂಜಿನಲ್ಲಿ ಏನೂ ಕಾಣದೆ, ಮೈಕಲ್ಲಿ ಹೆಸರು ಕೇಳಿ, “ಯಾರ ಮಗ ಈ ಹುಡುಗ?” ಎಂದು ವಿಚಾರಿಸಿದ್ದರು.

“ಹಾಗಾದ್ರೆ ದೇವರಾಜಣ್ಣ ಒಂದು, ಜವರಿಯಣ್ಣ ಎರಡು. ಕಳಿಸ್ತಾ ಇದ್ದೇನೆ” ಎಂದು ನಂದೀಶ್ ಹೆಬ್ಬೆರಳು ಎತ್ತಿದ.

ಬೋಜಪ್ಪ ಕನ್ನಡಿ ನೋಡಿದ. ಅದರೊಳಗಿಂದ ಜವರಿಯ ಕಣ್ಣು ಅವನನ್ನೇ ನೋಡುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬೋಜಪ್ಪ ಬಾಯಿ ಬಿಟ್ಟರೆ ಮೂವತ್ತೈದು ವರ್ಷದ ಮಾತು ಮಣ್ಣುಪಾಲು. ಊರಲ್ಲಿ ಅವನಿಗೆ ಇದ್ದ ಮರ್ಯಾದೆಯೆಲ್ಲ ಆ ಮೈಕಿನದು. ಮುಚ್ಚಿಕೊಂಡರೆ ಸುಳ್ಳು ಬಣ್ಣಬಣ್ಣದ ಅಕ್ಷರದಲ್ಲಿ ಗೇಟಿಗೆ ಏರುತ್ತದೆ.

“ಕಳಿಸ್ಬೇಡ ಮಾರಾಯ” ಎಂದ. “ಆ ಗೋಲನ್ನ ನಾನು ನೋಡ್ಲಿಲ್ಲ.”

“ಮಂಜಲ್ಲಿ ಯಾರು ನೋಡಿದ್ರು ಬಿಡಿ” ಎಂದ ಪ್ರಸಾದ್.

“ಅಲ್ಲ, ಕೇಳು. ಗೋಲ್ ಪೋಸ್ಟ್ ಹಿಂದಿನ ಜನ ‘ಓ’ ಅಂತ ಬೊಬ್ಬೆ ಹೊಡೆದ್ರು. ಅದಕ್ಕೆ ಮೊದಲು ‘ಕೊಡ್ಲಾ’ ಅಂತ ದೇವರಾಜುವಿನ ಗಂಟಲು ಕೇಳಿತ್ತು. ಎರಡೂ ಸೇರಿಸಿ, ಗೋಲ್ ದೇವರಾಜು ಅಂತ ಕೂಗಿಬಿಟ್ಟೆ. ರೆಫರಿಗೂ ಏನೂ ಕಾಣ್ತಿರಲಿಲ್ಲ, ನನ್ನ ಮೈಕು ಕೇಳಿ ವಿಶಲ್ ಊದಿದ. ಮನೆಗೆ ಹೋದ್ರೆ ನನ್ನ ಹೆಂಡತಿ ಬೊಳ್ಳಮ್ಮ ಬಾಗಿಲಲ್ಲೇ ಹಿಡ್ಕೊಂಡಳು. ಅವಳು ಪೋಸ್ಟ್ ಹಿಂದೆಯೇ ನಿಂತಿದ್ದವಳು. ‘ಎಂತ ಗೋಲ್? ಅದ್ ಹಂದಿ!’ ಅಂದಳು.”

“ಎಂಥ ಹಂದಿ?” ಎಂದ ನಂದೀಶ್.

“ಕಾಡುಹಂದಿ. ತೋಟದಿಂದ ಮೈದಾನಕ್ಕೆ ನುಗ್ಗಿ ಜನರ ಮೇಲೆ ಹೋಗಿದೆ. ಬೊಬ್ಬೆ ಅದಕ್ಕೆ. ವಿರಾಜಪೇಟೆ ಕೀಪರ್ ಪೋಸ್ಟ್ ಬಿಟ್ಟು ಪಕ್ಕದ ಸಿಲ್ವರ್ ಮರ ಹತ್ತಿದ್ದನಂತೆ.”

ಪ್ರಸಾದನ ಕತ್ತಿ ನಿಂತಿತು. ಎಲ್ಲರೂ ನಿಧಾನವಾಗಿ ದೇವರಾಜುವಿನ ಬಲಗಾಲಿನ ಕಡೆ ನೋಡಿದರು. ದೇವರಾಜುವೂ ನೋಡಿಕೊಂಡ.

“ಭಾರ ಇತ್ತು ಅಂದಿದ್ರಲ್ಲ” ಎಂದ ಪ್ರಸಾದ್ ಮೆಲ್ಲಗೆ.

“ಏಯ್, ಬಾಲು ಬಲೆಯೊಳಗೆ ಇತ್ತು ಕಣಯ್ಯ! ರೆಫರಿ ಹೋಗಿ ನೋಡಿದ್ರು! ಹಂದಿ ತಂದು ಇಡ್ತಾ?” ದೇವರಾಜುವಿನ ದನಿ ಏರಿತು.

ಬಾಲು ಅಲ್ಲಿಗೆ ಹೇಗೆ ಬಂತೆಂದು ಬೋಜಪ್ಪ ಇಪ್ಪತ್ತಾರು ವರ್ಷ ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಯಾರಾದರೂ ಉತ್ತರ ಹೇಳಿಬಿಟ್ಟಾರು ಎಂಬ ಭಯ.

ಜವರಿ ಪ್ರಸಾದನ ಕೈಯನ್ನು ಪಕ್ಕಕ್ಕೆ ಸರಿಸಿದ. ಅರ್ಧ ಮುಖ ಬೋಳಿಸಿತ್ತು, ಇನ್ನರ್ಧದಲ್ಲಿ ನೊರೆ. “ನಾನು ಇಟ್ಟದ್ದು” ಎಂದ. “ಬಾಲು ನನ್ನ ಕಾಲಲ್ಲಿತ್ತು. ಹೊಡೀಬೇಕು ಅನ್ನುವಾಗ ಮೈಕಲ್ಲಿ ಗೋಲ್ ಅಂತ ಕೇಳಿತು, ವಿಶಲೂ ಆಯ್ತು. ಬಾಲು ನನ್ನ ಹತ್ರ ಇದೆ ಅಂತ ಗೊತ್ತಾದ್ರೆ ಕಪ್ಪು ಹೋಗ್ತದೆ. ಅದಕ್ಕೆ ಹಾಗೇ ತಳ್ಕೊಂಡು ಹೋದೆ. ಕೀಪರ್ ಇರಲಿಲ್ಲ. ಒಳಗೆ ಹಾಕಿದೆ.” ಅವನು ಕನ್ನಡಿಯಲ್ಲಿ ಬೋಜಪ್ಪನನ್ನು ನೋಡಿದ. “ಹಾಕಿ ಕೈ ಎತ್ತಿ ನಿಂತಿದ್ದೆ. ಅಭ್ಯಾಸ ನೋಡಿ. ಯಾರಿಗೂ ಕಾಣ್ಲಿಲ್ಲ. ನೀವು ದೇವರಾಜು, ದೇವರಾಜು ಅಂತ ಕೂಗ್ತಾನೇ ಇದ್ರಿ.”

ಬೋಜಪ್ಪನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ದೇವರಾಜು ಆಗಲೇ ಹೆಂಡತಿಗೆ ಫೋನ್ ಹಚ್ಚಿದ್ದ. ಇಂಥ ಸುದ್ದಿ ಊರವರಿಂದ ಅವಳಿಗೆ ತಲುಪುವುದಕ್ಕಿಂತ ತಾನೇ ಹೇಳುವುದು ವಾಸಿ ಎನಿಸಿತ್ತು. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟಿದ್ದ. ಪೂರ್ತಿ ಕೇಳಿದ ಕಾಮಾಕ್ಷಮ್ಮ ಉಸಿರು ಕಟ್ಟುವಷ್ಟು ನಕ್ಕಳು. “ಅಯ್ಯೋ ಬಿಡ್ರೀ. ಬಾಲಿಗೆ ಒದೆಯೋರು ಬೀದಿಗೆ ಹತ್ತು ಜನ ಅವ್ರೆ. ಕಾಡುಹಂದಿಗೆ ಒದ್ದು ಬದುಕಿರೋರು ನೀವೊಬ್ರೇ. ಬರ್ತಾ ಕೊತ್ತಂಬರಿ ತಗೊಂಡ್ಬನ್ನಿ.”

ದೇವರಾಜು ಫೋನ್ ಇಟ್ಟು ಮೀಸೆ ತಿರುವಿದ. ಮುಖ ಸ್ವಲ್ಪ ತಿಳಿಯಾಗಿತ್ತು. “ಫ್ಲೆಕ್ಸಲ್ಲಿ ಅದನ್ನೂ ಹಾಕ್ಸು ಕಣಪ್ಪ, ನಂದೀಶ” ಎಂದ.

ನಂದೀಶ್ ಬರೆದ. ಒಂದು: ಜವರಿ, ೪೧ ಗೋಲು. ಎರಡು: ದೇವರಾಜು, ೪೦ ಗೋಲು, ೧ ಹಂದಿ.

“ವಿರಾಜಪೇಟೆಯವರು ಕಪ್ಪು ಕೇಳ್ಕೊಂಡು ಬಂದ್ರೆ?” ಎಂದ ಪ್ರಸಾದ್.

“ಅವರ ಕೀಪರ್ ಮರ ಹತ್ತಿದ್ದು ಹೌದು ಅಂತ ಮೊದಲು ಬರೆದು ಕೊಡ್ಲಿ” ಎಂದ ದೇವರಾಜು.

ನಂದೀಶ್ ಮಾತ್ರ ನಗಲಿಲ್ಲ. ಗಂಟಲು ಸರಿಮಾಡಿಕೊಂಡ. “ಬೋಜಪ್ಪಣ್ಣ, ಬೇಜಾರು ಮಾಡ್ಬೇಡಿ. ಈ ಸಲದ ಮೈಕು ಬೇರೆಯವರಿಗೆ ಕೊಡ್ಬೇಕಾಗ್ತದೆ. ಜನ ನಂಬಬೇಕಲ್ವಾ.”

ಬೋಜಪ್ಪನಿಗೆ ಇದು ಬರುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ನೋವಾಯಿತು, ಚೆನ್ನಾಗಿಯೇ ನೋವಾಯಿತು. “ಕೊಡು” ಎಂದ. ನೋಟ್‌ಬುಕ್ಕನ್ನೂ ನಂದೀಶನ ಕೈಗೆ ಹಾಕಿದ. ಆಮೇಲೆ ಕುರ್ಚಿಯ ಹತ್ತಿರ ಹೋಗಿ ನಿಂತ. “ಜವರಿ, ನಾನು ಎಂತ ಮಾಡ್ಲಿ ಹೇಳು.”

“ಎಂತ ಬೇಡ ಬೋಜಪ್ಪಣ್ಣ. ಫ್ಲೆಕ್ಸು ಒಂದು ಗಾಳಿಗೆ ಹರಿದು ಹೋಗ್ತದೆ.” ಜವರಿ ಕನ್ನಡಿ ನೋಡುತ್ತಲೇ ಹೇಳಿದ. “ಅದೊಂದು ಸಲ ನನ್ನ ಹೆಸರು ಕೂಗ್ಲಿಲ್ಲ ನೀವು. ಅಷ್ಟೇ.”

ಬೋಜಪ್ಪ ಸಲೂನಿನ ಬಾಗಿಲಿಗೆ ಬಂದ. ಹೊರಗೆ ರಸ್ತೆಗೆ ಮಂಜು ಇಳಿದಿತ್ತು, ಎದುರಿನ ಬೇಕರಿಯ ಬೋರ್ಡು ಕಾಣುತ್ತಿರಲಿಲ್ಲ. ಅವನು ಎದೆ ತುಂಬ ಉಸಿರು ಎಳೆದುಕೊಂಡ. ಮೈಕಿಲ್ಲದೆ ಕೂಗಿ ಅಭ್ಯಾಸವಿಲ್ಲ. ಅರವತ್ತೆರಡರ ಗಂಟಲು ಬೇರೆ.

“ಗೋ…ಲ್! ಗುಡ್ಡೆಮನೆ ಕಾಲೇಜು! ಜವರೀ! ನಲವತ್ತೊಂದನೇ ಗೋಲು, ಜವರೀ!”

ಮಂಜಿನೊಳಗೆ ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದ ಯಾರೋ ಏನು ಎತ್ತ ಗೊತ್ತಿಲ್ಲದೆ ಶಿಳ್ಳೆ ಹಾಕಿದರು, ಇನ್ಯಾರೋ ಚಪ್ಪಾಳೆ ತಟ್ಟಿದರು. ಬೋಜಪ್ಪ ಕೆಮ್ಮುತ್ತಾ ಹಿಂದೆ ತಿರುಗಿದ.

ಪ್ರಸಾದ್ ಕತ್ತಿ ಹಿಡಿದುಕೊಂಡು ದೂರ ನಿಂತಿದ್ದ. ಕುರ್ಚಿಯಲ್ಲಿ ಜವರಿ ಅರ್ಧ ಮುಖದ ನೊರೆಯಲ್ಲೇ ಎರಡೂ ಕೈ ಎತ್ತಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಇಳಿಸಿದ.