ಭಾವನ ಒದ್ದೆ ಹೊಲ

ಇದು ನಡೆದದ್ದೇ. ಸುಳ್ಳು ಅನ್ನುವವರು ಬಂದು ಮಣ್ಣು ಮುಟ್ಟಿ ನೋಡಲಿ.

ಮಣ್ಣಿನ ತೇವವನ್ನು ಆಕಾಶದಿಂದ ಅಳೆಯುವ ಕಚೇರಿ ಅದು. ಭಾವ ವಿಜ್ಞಾನಿ, ಭಾಮೈದ ಸಹಾಯಕ. ಉಪಗ್ರಹ ಹೊಲಕ್ಕೆ ಮೈಕ್ರೋವೇವ್ ಅಲೆ ಬಿಡುತ್ತಿತ್ತು. ಹೆಚ್ಚು ಅಲೆ ವಾಪಸು ಬಂದಷ್ಟೂ ಚಿತ್ರ ಬೆಳ್ಳಗೆ: ಒಣಮಣ್ಣು ಕಪ್ಪಗೆ, ಒದ್ದೆಮಣ್ಣು ಬೆಳ್ಳಗೆ. ಆಕಾಶ ಹೇಳಿದ್ದು ನಿಜವೇ ಎಂದು ನೋಡಲು ಭಾಮೈದ ಅದೇ ದಿನ ಹೊಲದ ಮಣ್ಣು ತಂದು ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗುತ್ತಿದ್ದ. ಕಳೆದುಹೋದ ತೂಕವೇ ನೀರು. ಆ ಕೆಲಸ ಕೊಡಿಸಿದ್ದು ಭಾವ. ಊಟಕ್ಕೆ ಕೂತಾಗಲೆಲ್ಲ ಅದನ್ನು ನೆನಪಿಸುತ್ತಿದ್ದವನೂ ಭಾವನೇ. ಭಾಮೈದ ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದ.

ಭಾಮೈದನಿಗೆ ಎಲ್ಲರ ದನಿಯ ಮಿಮಿಕ್ರಿಯೂ ಬರುತ್ತಿತ್ತು: ನಿರ್ದೇಶಕರ ಕೆಮ್ಮು, ಓವನ್ನಿನ ಗುಂಯ್, ಭಾವನ "ಡೇಟಾ ಸುಳ್ಳು ಹೇಳಲ್ಲ ಕಣೋ". ಅವನದೇ ದನಿ ಹೇಗಿತ್ತೆಂಬುದನ್ನು ಕಚೇರಿ ಮರೆತೇಬಿಟ್ಟಿತ್ತು.

ಆ ಬೇಸಿಗೆ ಭಾವನ ನೌಕರಿ ಕಾಯಂ ಆಗುವ ಮಾತು ಬಂತು. ಒಂದು ಗಟ್ಟಿ ಫಲಿತಾಂಶ ತೋರಿಸಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಇದೇ ಸಮಯವೆಂದು ಭಾಮೈದ ಅಕ್ಕನ ಹಳೇ ಟ್ರಂಕು ಕತ್ತರಿಸಿ, ತಗಡುಗಳನ್ನು ಡಬ್ಬದ ಮೂಲೆಯಂತೆ ಜೋಡಿಸಿ, ಕಟಾವಾದ ಹೊಲದ ಒಣಹುಲ್ಲಿನಡಿ ಇಟ್ಟ. ಅಂಥ ಮೂಲೆಗೆ ಬಿದ್ದ ಅಲೆ ಬಂದ ದಾರಿಯಲ್ಲೇ ವಾಪಸು. ಚಿತ್ರದ ಕತ್ತಲಲ್ಲಿ ಹುಣ್ಣಿಮೆ ಮೂಡಿತು.

"ಬಾಣಲೆಯಂಗೆ ಕಾದಿರೋ ಹೊಲದಲ್ಲಿ ಇಷ್ಟು ತೇವ ಎಲ್ಲಿಂದ ಬಂತೋ?" ಭಾವನಿಗೆ ಅನುಮಾನ. "ಹೋಗು, ಮಣ್ಣು ತಗೊಂಡು ಬಾ."

ಭಾಮೈದ ತಂದ. ದಾರಿಯಲ್ಲಿ ನಲ್ಲಿಯಡಿ ಮಣ್ಣಿನ ಡಬ್ಬಿಗೆ ತಲೆಸ್ನಾನ ಮಾಡಿಸಿಯೇ ತಂದ.

ಎರಡೂ ತೂಕ ನೋಡಿ ಭಾವ ಕುರ್ಚಿಯಿಂದ ಎದ್ದೇಬಿಟ್ಟ. "ನೆಲದಡಿ ನೀರಿನ ಒಸರು ಇದೆ ಕಣೋ! ನಿಮ್ಮಕ್ಕನಿಗೆ ಹೇಳು, ಇನ್ನು ಊರೂರು ಅಲೆಯೋದು ತಪ್ತು ಅಂತ."

"ಡೇಟಾ ಸುಳ್ಳು ಹೇಳಲ್ಲ ಭಾವ," ಅಂದ ಭಾಮೈದ, ಭಾವನ ದನಿಯಲ್ಲೇ.

ನಿರ್ದೇಶಕರ ಹಿಂದೆ ಕಚೇರಿಗೆ ಕಚೇರಿಯೇ ಹೊಲಕ್ಕೆ ಬಂತು. ಅಕ್ಕನೂ ಬಂದಳು. ಭಾವ ಪ್ಯಾಂಟು ಮಡಚಿ ತಾನೇ ಗುದ್ದಲಿ ಎತ್ತಿದ. ಠಣ್! ಹುಲ್ಲಿನೊಳಗಿಂದ ಟ್ರಂಕಿನ ಮುಚ್ಚಳಕ್ಕೆ ಬಿಡಿಸಿದ್ದ ಗುಲಾಬಿ ಹೂವು ಅವನನ್ನೇ ನೋಡಿತು.

"ಒಸರು ಸಿಕ್ತು ಸಾರ್! ತಗಡಿನ ಒಸರು!" ಭಾಮೈದ ಭಾವನ ದನಿಯಲ್ಲಿ ಕೂಗಿದ. ಹೊಲವೆಲ್ಲ ಬಿದ್ದುಬಿದ್ದು ನಕ್ಕಿತು. ಅಕ್ಕ ಮಾತ್ರ ಸೆರಗಿನ ತುದಿ ಕಚ್ಚಿಕೊಂಡು ನಿಂತಳು.

ನಿರ್ದೇಶಕರು ಕೆಮ್ಮಿ ಭಾವನಿಗೆ ಹೇಳಿದರು: "ನಾಳೆಯಿಂದ ನೀವು ಬರೋದು ಬೇಡ."

ನಗು ಇನ್ನೂ ಜೋರಾಯಿತು. ಭಾಮೈದ ಹೊಟ್ಟೆ ಹಿಡಿದುಕೊಂಡ.

"ಒಂದ್ನಿಮಿಷ," ನಿರ್ದೇಶಕರ ಹುಬ್ಬು ಗಂಟಾಯಿತು. "ತಗಡು ಸರಿ. ಒದ್ದೆಮಣ್ಣು ತಂದೋರು ಯಾರು?"

ಒಬ್ಬೊಬ್ಬರದೇ ನಗು ನಿಂತಿತು.

"ಇಷ್ಟು ವರ್ಷ ಎಲ್ಲಾ ಹೊಲದ ಮಣ್ಣೂ ಇವನೇ ತಂದಿದ್ದಲ್ವಾ? ಹಾಗಾದ್ರೆ ನಾವು ಅಚ್ಚು ಹಾಕಿಸಿದ ಪ್ರಬಂಧವೆಲ್ಲ...?"

ಆ ಮಣ್ಣನ್ನೇ ನಂಬಿ ಡಾಕ್ಟರೇಟ್ ಪಡೆದವನೊಬ್ಬ ಬದುವಿನ ಮೇಲೆ ಕುಸಿದು ಕೂತ.

"ಉಳಿದಿದ್ದೆಲ್ಲ ನಿಜ ಸಾರ್! ಇದೊಂದೇ ತಮಾಷೆ! ಅಕ್ಕನಾಣೆಗೂ ನಿಜ!"

ಭಾಮೈದನ ಬಾಯಿಂದ ಬಂದದ್ದು ತೆಳ್ಳಗಿನ, ಬಿರುಕುಬಿಟ್ಟ ದನಿ. ಟೈಪಿಸ್ಟಮ್ಮ ಪಕ್ಕದವರನ್ನು ಕೇಳಿದಳು: "ಇದು ಯಾರ ಮಿಮಿಕ್ರಿ ರೀ?"

"ಯಾವನೋ ಅಳುಬುರುಕಂದು. ಒಂಚೂರೂ ನಿಜ ಅನ್ಸಲ್ಲ."

ಅಷ್ಟರಲ್ಲಿ ಹುಲ್ಲಿನ ನಡುವೆ, ಗುಲಾಬಿ ಹೂವಿನ ಮುಚ್ಚಳವನ್ನು ಎದೆಗವಚಿಕೊಂಡು ಕೂತಿದ್ದ ಭಾವ ಭಾಮೈದನನ್ನು ನೋಡಿ ನಗಲು ಶುರುಮಾಡಿದ. ಆವರೆಗೆ ನಕ್ಕವರೆಲ್ಲರ ನಗುವನ್ನು ಕೂಡಿಸಿದರೂ ಅಷ್ಟು ಜೋರಾಗುತ್ತಿರಲಿಲ್ಲ.