ದೊಡ್ಡ ಜೌಗಿನ ಆಳ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಕೆಸರಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಮಣ್ಣು ಪರೀಕ್ಷಕಿಯಾಗಿದ್ದವಳ ಬೂಟಿಗೆ ಯಾವಾಗ ನೋಡಿದರೂ ಯಾವುದೋ ಊರಿನ ಕೆಸರು ಮೆತ್ತಿಕೊಂಡಿರುತ್ತಿತ್ತು. ಮೊದಮೊದಲು ಬೆನ್ನ ಹಿಂದೆ ಹಾಗೆನ್ನುತ್ತಿದ್ದರು. ಆಮೇಲೆ ಅವಳೇ ಫೋನೆತ್ತಿ "ಹಲೋ, ಕೆಸರಮ್ಮ ಮಾತಾಡ್ತಿರೋದು" ಎನ್ನತೊಡಗಿದಾಗ ಗೇಲಿ ಮಾಡುವವರಿಗೆ ಕೆಲಸವೇ ಇಲ್ಲದಂತಾಯಿತು.

ಅವಳಿದ್ದದ್ದು ಸರ್ಕಾರದ ಪರಿಶೀಲನಾ ಕಚೇರಿಯಲ್ಲಿ. ಭೂಮಿ ಬಿಸಿಯೇರುವುದನ್ನು ತಡೆಯಲು ಯಾರು ಏನು ಮಾಡಿದರು, ಮುಂದೇನು ಮಾಡುತ್ತಾರೆ ಎಂದು ಹೇಳಲು ದೇಶದೇಶಗಳ ಪ್ರತಿನಿಧಿಗಳು ಎರಡು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಿದ್ದರು. ಆ ಮಹಾಸಭೆಗೆ ಸರ್ಕಾರ ಒಯ್ಯುವ ವರದಿಯ ಪ್ರತಿ ಸಾಲನ್ನೂ ಈ ಕಚೇರಿಯವರು ಕಣ್ಣಾರೆ ನೋಡಿ ಸಹಿ ಹಾಕಬೇಕೆಂದು ಕಾನೂನಿತ್ತು. ಕಾನೂನೇನೋ ಕಟ್ಟುನಿಟ್ಟಾಗಿಯೇ ಇತ್ತು. ಆದರೆ ಸಾಲುಗಳು ನೂರಾರು, ನೋಡುವವರು ಏಳೇ ಮಂದಿ. ಹಾಗಾಗಿ ಬಹಳಷ್ಟನ್ನು ಕುರ್ಚಿ ಬಿಟ್ಟೇಳದೆ ಕಣ್ಣಾರೆ ನೋಡುವುದು ರೂಢಿಯಾಗಿತ್ತು.

ಆ ಸಲ ಮಹಾಸಭೆಗೆ ಹದಿನೆಂಟು ದಿನ ಉಳಿದಿರುವಾಗ ಅವಳ ಮೇಜಿಗೊಂದು ಹಾಳೆ ಬಂತು. ಅದರಲ್ಲಿ ಇದ್ದದ್ದಿಷ್ಟು: "ಉತ್ತರದ ದೊಡ್ಡ ಜೌಗು. ಕಳೆದ ಸಭೆಯಲ್ಲಿ ಮಾತು ಕೊಟ್ಟಂತೆ ಯಥಾಸ್ಥಿತಿಯಲ್ಲಿ ಕಾಪಾಡಲಾಗಿದೆ. ಸರಾಸರಿ ಆಳ ಎರಡು ಮೀಟರ್."

ಬರೆದವರು ಯಾರೆಂದು ಕೇಳಬೇಕಾಗಿರಲಿಲ್ಲ. ವರದಿಯ ಉಸ್ತುವಾರಿ ಅವಳ ಅಕ್ಕನ ಗಂಡನದು. ಭಾವ ಬರೆದದ್ದನ್ನು ನಾದಿನಿ ತಪಾಸಣೆ ಮಾಡುವುದು ಸರಿಯಲ್ಲವೆಂದು ಅವಳು ಮೇಲಧಿಕಾರಿಗೆ ಹೇಳಿ ನೋಡಿದಳು. "ಹದಿನೆಂಟು ದಿನದಲ್ಲಿ ಜೌಗು ಮಣ್ಣು ಗೊತ್ತಿರೋ ಇನ್ನೊಬ್ಬರನ್ನ ನಾನು ಎಲ್ಲಿಂದ ಹುಡುಕ್ಲಿ?" ಎಂದು ಅವರು ಕೈಚೆಲ್ಲಿದರು.

ಅಕ್ಕನ ಮನೆ ಎರಡು ಬೀದಿಯಾಚೆ. ಭಾನುವಾರದ ಊಟ ಅವಳಿಗೆ ಅಲ್ಲಿಯೇ. ಭಾವ ಊಟದ ನಡುವೆ ಮಾತು ತೆಗೆದರು.

"ಅಲ್ಲಮ್ಮ, ಅಷ್ಟು ದೂರ ಹೋಗ್ಲೇಬೇಕಾ? ಫೋಟೋ ಕಳಿಸಿದೀನಲ್ಲ."

"ಫೋಟೋದಲ್ಲಿ ಆಳ ಕಾಣಲ್ಲ ಭಾವ."

"ಎರಡು ಮೀಟರ್ ಅಂತ ಬರೆದಿದೆಯಲ್ಲ."

"ಯಾರು ಅಳೆದದ್ದು?"

ಭಾವ ತಟ್ಟೆಯತ್ತ ನೋಡಿದರು. "ಹಿಂದಿನ ವರದಿಯಲ್ಲಿ ಹಾಗಿತ್ತು."

"ಅದರ ಹಿಂದಿನದ್ರಲ್ಲಿ?"

"ಊಟ ಮಾಡೋಕೆ ಬಿಡೇ ಅವರನ್ನ," ಎಂದು ಅಕ್ಕ ನಕ್ಕಳು. "ಮದುವೆಯಾದ ದಿನದಿಂದ ನೋಡ್ತಿದೀನಿ, ನೀವಿಬ್ಬರೂ ಒಂದು ವಿಷಯಕ್ಕೂ ಹೌದು ಅಂದಿಲ್ಲ."

ಮರುದಿನ ಬೆಳಗಿನ ರೈಲು ಹಿಡಿದು, ಅಲ್ಲಿಂದ ಬಸ್ಸು ಹತ್ತಿ, ಅದರ ಮರುದಿನ ಅವಳು ಜೌಗಿನ ಅಂಚಿಗೆ ತಲುಪಿದಳು. ಅಲ್ಲೊಂದು ಕಾವಲು ಕೊಠಡಿ. ಇಪ್ಪತ್ತೇಳು ವರ್ಷಗಳಿಂದ ಅಲ್ಲಿದ್ದ ಕಾವಲುಗಾರ ಅವಳ ಗುರುತಿನ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ನಿಜವಾಗ್ಲೂ ಒಳಗೆ ಬರ್ತೀರಾ ಅಮ್ಮ? ಇಲ್ಲಿಗೆ ಬರೋ ಸಾಹೇಬರು ಈ ಬಾಗಿಲಲ್ಲಿ ನಿಂತು, ಕೈ ಹೀಗೆ ಕಣ್ಣಿಗೆ ಅಡ್ಡ ಇಟ್ಟು ನೋಡಿ, ವಾಪಸ್ ಹೋಗ್ತಾರೆ."

"ನನ್ನ ಹೆಸರೇ ಕೆಸರಮ್ಮ," ಎಂದಳು ಅವಳು. ಕಾವಲುಗಾರನ ಮುಖ ಅರಳಿತು.

ಹಲಗೆಗಳ ಸಾಲಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಹಲಗೆ ತಪ್ಪಿ ಕಾಲಿಟ್ಟರೆ ನೆಲ ಹಾಸಿಗೆಯಂತೆ ತೂಗುತ್ತಿತ್ತು. ಅವಳು ಒಂದೆಡೆ ಕುಪ್ಪಳಿಸಿ ನೋಡಿದಳು. ಹತ್ತು ಮಾರು ದೂರದ ಪೊದೆಯೊಂದು ತಲೆಯಾಡಿಸಿತು. ಸುತ್ತ ಮೊಣಕಾಲೆತ್ತರದ ಹುಲ್ಲು, ನಡುನಡುವೆ ಚಹಾದ ಬಣ್ಣದ ನೀರು, ಅದರೊಳಗೆ ಆಕಾಶ. ಮಂಜು ಸರಿದಂತೆಲ್ಲ ಜೌಗು ಇನ್ನಷ್ಟು ದೂರಕ್ಕೆ ಹೋಗುತ್ತಲೇ ಇತ್ತು. ಅಂಚು ಎಂಬುದೇ ಕಾಣಲಿಲ್ಲ.

ಅವಳ ಸಲಾಕೆಗಳು ತಲಾ ಒಂದು ಮೀಟರಿನವು, ಒಂದರ ತುದಿಗೆ ಇನ್ನೊಂದನ್ನು ತಿರುಪಿ ಜೋಡಿಸುವಂಥವು. ವರದಿಯಲ್ಲಿ ಎರಡು ಮೀಟರೆಂದಿದ್ದರಿಂದ, ಹೆಚ್ಚಿಗಿರಲಿ ಎಂದು ನಾಲ್ಕು ತಂದಿದ್ದಳು. ಮೊದಲನೆಯದು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಎರಡನೆಯದೂ ಇಳಿಯಿತು. ಮೂರು, ನಾಲ್ಕು. ತಳ ಸಿಗಲಿಲ್ಲ. ಅವಳು ಮಂಡಿಯೂರಿ ಸಲಾಕೆಯ ತುದಿ ಹಿಡಿದು ಕೂತುಬಿಟ್ಟಳು.

"ಸಾಕಾಗಲ್ಲ ಅಂತ ನನಗೆ ಗೊತ್ತಿತ್ತು," ಎಂದ ಕಾವಲುಗಾರ. "ತಡೀರಿ. ಹಿಂದೊಬ್ಬರು ಅಳೆಯೋಕೆ ಬಂದು, ಬೇಸತ್ತು ಬಿಟ್ಟುಹೋದದ್ದಿದೆ."

ಅವನು ಕೊಠಡಿಯಿಂದ ತುಕ್ಕು ಹಿಡಿದ ಏಳೆಂಟು ಸಲಾಕೆ ಹೊತ್ತು ತಂದ. ಐದು, ಆರು. ಏಳು, ಎಂಟು. ಅವಳು ಒಂಬತ್ತನೆಯದನ್ನು ತಿರುಪಿದಳು. ಹತ್ತಾಯಿತು. ಹನ್ನೊಂದನೆಯ ಸಲಾಕೆ ಮುಕ್ಕಾಲು ಇಳಿದಾಗ, ಎಲ್ಲೋ ಕೆಳಗೆ, ಬಾವಿಯ ತಳದಲ್ಲಿ ಯಾರೋ ಬಾಗಿಲು ತಟ್ಟಿದಂತೆ, ಟಕ್ ಎಂದು ಕಲ್ಲು ತಾಗಿತು. ಆ ಸದ್ದು ಕಿವಿಗೆ ಕೇಳಿಸಲಿಲ್ಲ, ಅಂಗೈಗೆ ತಿಳಿಯಿತು.

"ಈ ನಡುಜಾಗಕ್ಕೂ ತಳ ಇದೆ ಅಂತ ನಾನು ಇವತ್ತೇ ನೋಡಿದ್ದು," ಎಂದ ಕಾವಲುಗಾರ, ಪಿಸುದನಿಯಲ್ಲಿ.

ಜೌಗಿನಲ್ಲಿ ಸತ್ತ ಹುಲ್ಲು, ಎಲೆ, ಬೇರು ಕೊಳೆತು ಗಾಳಿಗೆ ಸೇರುವುದಿಲ್ಲ. ನೀರಿನಡಿ ಉಸಿರಾಡದೆ ಒಂದರ ಮೇಲೊಂದು ಕೂರುತ್ತವೆ. ಒಂದು ಮೀಟರ್ ಕೂಡಲು ಹೆಚ್ಚುಕಮ್ಮಿ ಸಾವಿರ ವರ್ಷ. ಇದನ್ನು ಅವಳು ಎಷ್ಟೋ ಸಭೆಗಳಲ್ಲಿ ಗಿಳಿಪಾಠದಂತೆ ಒಪ್ಪಿಸಿದ್ದಳು. ಆದರೆ ಸಲಾಕೆಯ ತುದಿಗೆ ಸಿಕ್ಕಿಸಿ ಐದು ಮೀಟರ್ ಆಳದಿಂದ ತೆಗೆದ ಮಾದರಿ ಕೊಳವೆಯ ಮುಚ್ಚಳ ತಿರುಗಿಸಿದಾಗ ಕಪ್ಪು ಮಣ್ಣಿನ ನಡುವೆ ಒಂದು ಎಲೆಯಿತ್ತು, ಈಗಷ್ಟೇ ಉದುರಿದಂತೆ ಹಸಿರು ಮಿಶ್ರಿತ ಹಳದಿ, ನರನರವೂ ಸ್ಪಷ್ಟ. ನೋಡನೋಡುತ್ತಿದ್ದಂತೆ ಗಾಳಿ ಸೋಕಿ ಅದು ಕಂದಿತು. ಮೂರು ಉಸಿರಿನಷ್ಟು ಹೊತ್ತಿನಲ್ಲಿ ಮಣ್ಣಿನ ಬಣ್ಣವೇ ಆಗಿಹೋಯಿತು.

ಅವಳು ಬರೆಯುವ ಪುಸ್ತಕ ಬದಿಗಿಟ್ಟಳು. ಆ ಎಲೆ ಉದುರಿದ ದಿನ ಈ ಭೂಮಿಯ ಮೇಲೆ ಒಂದು ಅಕ್ಷರವಾದರೂ ಇತ್ತೋ ಇಲ್ಲವೋ ಎಂದು ಯೋಚಿಸುತ್ತ ಕೂತಳು. ಆಮೇಲೆ ತಳದಿಂದ ಇನ್ನೊಂದು ಮಾದರಿ ತೆಗೆದಳು. ಕಾವಲುಗಾರ ನೋಡುವ ಆಸೆಯಿಂದ ಬಗ್ಗಿದ.

"ಇದನ್ನ ಇಲ್ಲಿ ಬಿಚ್ಚಲ್ಲ," ಎಂದು ಅವಳು ಕೊಳವೆಯನ್ನು ಮುಚ್ಚಿದಂತೆಯೇ ಬಟ್ಟೆ ಸುತ್ತಿ ಐಸ್ ಪೆಟ್ಟಿಗೆಯಲ್ಲಿಟ್ಟಳು. ಯಾಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಹಾಗಿದ್ರೆ ಪೂರ್ವದ ಅಂಚನ್ನೂ ನೋಡಿಬಿಡಿ," ಎಂದ ಅವನು. ಅವನ ಮುಖ ಸಪ್ಪಗಾಗಿತ್ತು.

ಪೂರ್ವದ ಅಂಚಿನಲ್ಲಿ ಕಾಲುವೆಗಳಿದ್ದವು. ಸ್ಕೇಲು ಹಿಡಿದು ಗೆರೆ ಎಳೆದಂತೆ ನೇರ, ಒಂದರ ಪಕ್ಕ ಒಂದು, ಒಟ್ಟು ಹದಿನೆಂಟು. ಅವುಗಳಲ್ಲಿ ಚಹಾ ಬಣ್ಣದ ನೀರು ಸದ್ದಿಲ್ಲದೆ ನದಿಯತ್ತ ಹರಿದುಹೋಗುತ್ತಿತ್ತು. ಹುಲ್ಲು ಒಣಗಿ, ನೆಲ ಬಿರುಕುಬಿಟ್ಟಿತ್ತು. ಎರಡು ವರ್ಷದ ಕೆಳಗೆ ಕಾವಲುಗಾರ ಅಂಚಿನ ತೆಳು ಮಣ್ಣಿನಲ್ಲಿ ಕಲ್ಲಿನವರೆಗೆ ಹೂತು, ನೆಲಮಟ್ಟಕ್ಕೆ ಕತ್ತರಿಸಿದ್ದ ಕಬ್ಬಿಣದ ಕಂಬ ಈಗ ಅವನ ಮೊಣಕಾಲಿನಷ್ಟು ಮೇಲೆ ನಿಂತಿತ್ತು. ಕಂಬ ಮೇಲೆದ್ದಿರಲಿಲ್ಲ, ನೆಲ ಇಳಿದಿತ್ತು. ಒಣಗಿ ಗಾಳಿ ತಾಗಿದ ಮಣ್ಣು ಹೊಗೆಯಿಲ್ಲದೆ, ಬೆಂಕಿಯಿಲ್ಲದೆ, ಭೂಮಿಯನ್ನು ಬಿಸಿಯೇರಿಸುವ ಅನಿಲವಾಗಿ ಆಕಾಶಕ್ಕೆ ಸೇರುತ್ತಿತ್ತು.

"ಯಾರು ತೋಡಿದ್ದು?"

"ಸರ್ಕಾರವೇ. ನೆಲ ಒಣಗಿಸಿ ತೋಟ ಮಾಡ್ತಾರಂತೆ. ನಾನು ನಾಲ್ಕು ಸಲ ಬರೆದೆ ಅಮ್ಮ. ನಾಲ್ಕಕ್ಕೂ ಉತ್ತರ ಬಂತು." ಅವನು ಒಳ ಜೇಬಿನಿಂದ ಮಡಿಸಿದ ಕಾಗದಗಳನ್ನು ತೆಗೆದ. ನಾಲ್ಕರಲ್ಲೂ ಒಂದೇ ಮಾತು, 'ಗಮನಿಸಲಾಗಿದೆ'. ಕೆಳಗೆ ಬಾಲ ಎಳೆದ ಸಹಿ.

ಅವಳು ಅಕ್ಕನ ಮಕ್ಕಳ ಶಾಲೆಯ ಅಂಕಪಟ್ಟಿಗಳ ಮೇಲೆ ಎಷ್ಟೋ ಸಲ ಕಂಡಿದ್ದ ಸಹಿ ಅದು.

ಊರಿಗೆ ಮರಳಿದ ಸಂಜೆ ಅವಳು ಸೀದಾ ಅಕ್ಕನ ಅಡುಗೆಮನೆಗೆ ಹೋಗಿ ಕಾವಲುಗಾರ ಕೊಟ್ಟ ನಾಲ್ಕು ಕಾಗದಗಳನ್ನೂ ಮೇಜಿನ ಮೇಲಿಟ್ಟಳು. ಭಾವ ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ದಿನಕ್ಕೆ ಇಂಥವು ಅರವತ್ತು ಬರ್ತವೆ ಕಣಮ್ಮ. ಓದಿ ಹಾಕಿದ ಸಹಿ ಅಂತ ಹೇಗೆ ಹೇಳ್ಲಿ?"

"ನಾನು ಓದದೆ ಹಾಕಲ್ಲ ಭಾವ. ಆ ಸಾಲಿಗೆ ನನ್ನ ಸಹಿ ಸಿಗಲ್ಲ."

"ಹತ್ತು ದಿನದಲ್ಲಿ ಮಂತ್ರಿಗಳು ಹೊರಡ್ತಾರೆ. ಅಷ್ಟು ದೇಶದವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ತಾರೆ?"

ಅಕ್ಕ ಒಲೆ ಆರಿಸಿ ಈಚೆ ಬಂದಳು. ಗಂಡನ ಮುಖ ನೋಡಿದಳು, ತಂಗಿಯ ಮುಖ ನೋಡಿದಳು. "ಮುಖದ ಚಿಂತೆ ಅವರಿಗಿರಲಿ," ಎಂದಳು. "ನೀವು ಅಲ್ಲಿಗೆ ಒಂದು ಸಲವಾದ್ರೂ ಹೋಗಿದೀರಾ?"

ಭಾವ ಕಾಗದಗಳನ್ನು ಮಡಿಸಿಟ್ಟರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ಹನ್ನೊಂದಕ್ಕೆ ಮಂತ್ರಿಗಳ ಸಭೆ. ಬಂದು ನೀನೇ ಹೇಳು," ಎಂದರು.

ಸಭಾಕೊಠಡಿಯ ಮೇಜು ಹೊಳೆಯುತ್ತಿತ್ತು. ಸುತ್ತ ಹದಿನಾಲ್ಕು ಮಂದಿ, ಎಲ್ಲರ ಮುಂದೂ ನೀರಿನ ಲೋಟ. ಮಂತ್ರಿ ವಯಸ್ಸಾದ ಹೆಂಗಸು; ಮಾತು ಕಡಿಮೆ, ಗಡಿಯಾರ ನೋಡುವುದು ಹೆಚ್ಚು. ಕೆಸರಮ್ಮ ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ಕೊಳವೆಯನ್ನಿಟ್ಟಳು.

"ಆ ಜೌಗು ಎರಡು ಮೀಟರ್ ಅಲ್ಲ ಮೇಡಂ, ನಾನು ಅಳೆದಲ್ಲಿ ಹತ್ತೂ ಮುಕ್ಕಾಲು. ಇದು ಅದರ ತಳದ್ದು. ಒಳಗೇನಿದೆ ಅಂತ ನಾನೂ ನೋಡಿಲ್ಲ."

ಮುಚ್ಚಳ ತಿರುಗಿಸಿದಳು. ಕಪ್ಪು ಮಣ್ಣು. ಬರೀ ಕಪ್ಪು ಮಣ್ಣು. ಯಾರೋ ಕೆಮ್ಮಿದರು, ಇನ್ಯಾರೋ ಹಾಳೆ ಮಗುಚಿದರು. ಅವಳು ಚಾಕು ತೆಗೆದು ಮಣ್ಣನ್ನು ಉದ್ದಕ್ಕೆ ಸೀಳಿದಳು.

ನೀಲಿ ಬಣ್ಣದ್ದೇನೋ ಮಿಂಚಿತು.

ಉಗುರಿನಷ್ಟು ದೊಡ್ಡದು. ಅವಳು ಲೋಟದಲ್ಲಿ ಬೆರಳದ್ದಿ ಒಂದು ಹನಿ ನೀರು ಬಿಟ್ಟಳು. ಮಣ್ಣು ಸರಿದು ದುಂಬಿಯೊಂದರ ರೆಕ್ಕೆಯ ಚಿಪ್ಪು ಕಾಣಿಸಿತು, ನೀಲಿಯಿಂದ ಹಸಿರಿಗೆ, ಹಸಿರಿನಿಂದ ಚಿನ್ನದ ಬಣ್ಣಕ್ಕೆ ತಿರುಗುತ್ತ. ಮೇಜಿನ ಆ ತುದಿಯಲ್ಲಿದ್ದವರು ಎದ್ದು ಬಂದರು. ಮಂತ್ರಿಯೂ ಎದ್ದರು. ಕೈ ಬೆನ್ನ ಹಿಂದೆ ಕಟ್ಟಿ, ಮೂಗು ತಾಗುವಷ್ಟು ಬಗ್ಗಿದರು.

"ಇದಕ್ಕೆ ಯಾರೂ ಬಣ್ಣ ಬಳಿದಿಲ್ಲ ತಾನೇ?"

"ಇಲ್ಲ ಮೇಡಂ. ಬದುಕಿದ್ದಾಗ ಇದ್ದ ಬಣ್ಣವೇ."

"ಎಷ್ಟು ವರ್ಷದ್ದು?"

"ಪ್ರಯೋಗಾಲಯದವರು ಹೇಳಬೇಕು. ನನ್ನ ಅಂದಾಜು ಹತ್ತು ಸಾವಿರ."

ಕೊಠಡಿಯಲ್ಲಿ ಹದಿನೈದು ಮಂದಿ ಒಂದು ಹುಳುವಿನ ರೆಕ್ಕೆ ನೋಡುತ್ತ ನಿಂತಿದ್ದರು. ಯಾರಿಗೂ ಕೂರಬೇಕೆನಿಸಲಿಲ್ಲ. ಹತ್ತು ಸಾವಿರ ವರ್ಷ ಈ ನೆಲ ಒಂದು ಹುಳುವಿನ ಬಣ್ಣವನ್ನು ಕೆಡದಂತೆ ಉಳಿಸಿಕೊಂಡಿತ್ತು. ತಾವು ಎರಡು ವರ್ಷ ಒಂದು ಮಾತನ್ನು ಉಳಿಸಿಕೊಳ್ಳಲಾರದೆ ಹೋಗಿದ್ದರು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೆಸರಮ್ಮ ಕಾಲುವೆಗಳ ವಿಷಯ, ಕಂಬದ ವಿಷಯ ಹೇಳುವಾಗ ಯಾರೂ ಅಡ್ಡ ಬರಲಿಲ್ಲ.

"ಇದು ನಮಗ್ಯಾಕೆ ತಿಳೀಲಿಲ್ಲ?" ಎಂದರು ಮಂತ್ರಿ.

ಭಾವ ಮುಂದೆ ಬಂದರು. "ತಿಳಿಸಿದ್ರು ಮೇಡಂ. ಕಾವಲುಗಾರ ನಾಲ್ಕು ಸಲ ಬರೆದ. ನಾಲ್ಕಕ್ಕೂ ಗಮನಿಸಲಾಗಿದೆ ಅಂತ ಸಹಿ ಹಾಕಿದ್ದು ನಾನು. ಗಮನಿಸಿರಲಿಲ್ಲ."

ಕೆಸರಮ್ಮ ಅವರತ್ತ ತಿರುಗಿ ನೋಡಿದಳು. ಅಕ್ಕನ ಮದುವೆಯಾದ ಈ ಇಪ್ಪತ್ತೆರಡು ವರ್ಷಗಳಲ್ಲಿ ಭಾವ ತಪ್ಪೊಪ್ಪಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ಅಂಥ ಮಾತಿಗೆ ಎಷ್ಟು ಎದೆಗಾರಿಕೆ ಬೇಕೆಂದು ಅವಳಿಗೆ ಆ ಕ್ಷಣ ಅನಿಸಿತು.

ಒಬ್ಬ ಹಿರಿಯ ಅಧಿಕಾರಿ ಮೆಲ್ಲಗೆ, "ಆ ಸಾಲನ್ನೇ ಕೈಬಿಡಬಹುದು ಮೇಡಂ. ಯಾರೂ ಕೇಳಲ್ಲ," ಎಂದ.

"ಇದು ಕೇಳ್ತಿದೆಯಲ್ಲ," ಎಂದು ಮಂತ್ರಿ ಮೇಜಿನತ್ತ ಬೆರಳು ತೋರಿಸಿದರು. ಆಮೇಲೆ ಕೂತು ಲೇಖನಿ ತೆಗೆದು ತಾವೇ ಬರೆದರು: "ದೊಡ್ಡ ಜೌಗಿನ ವಿಷಯದಲ್ಲಿ ನಾವು ಕೊಟ್ಟ ಮಾತು ಮುರಿದಿದ್ದೇವೆ. ಕಾಲುವೆ ತೋಡಿದವರು ನಾವೇ. ಮುಚ್ಚುವವರೂ ನಾವೇ, ಕೆಲಸ ಶುರುವಾಗಿದೆ." ಬರೆದದ್ದನ್ನು ಭಾವನ ಕೈಗೆ ಕೊಟ್ಟರು. "ಕೊನೆಯ ಎರಡು ಪದ ಸುಳ್ಳಾಗಬಾರದು. ನೀವು ವರದಿ ಬರೆಯೋದು ಸಾಕು. ನಾಳೆಯೇ ಅಲ್ಲಿಗೆ ಹೊರಡಿ."

ಭಾವ ಹೊಸ ಬೂಟು ಕೊಂಡು ಹೊರಟರು. ಜೊತೆಗೆ ಕೆಸರಮ್ಮ, ಮೂವತ್ತು ಮಂದಿ ಕೂಲಿಯವರು, ಎರಡು ಲಾರಿ ಮರದ ಹಲಗೆ. ಮೊದಲ ದಿನವೇ ಭಾವ ಸೊಂಟದವರೆಗೆ ಹೂತುಹೋಗಿ, ಕಾವಲುಗಾರ ಹಗ್ಗ ಎಸೆದು ಎಳೆಯಬೇಕಾಯಿತು. "ಈಗ ಸರಿಯಾಗಿ ಗಮನಿಸಿದ್ರಿ ಸಾರ್," ಎಂದ ಅವನು. ಭಾವ ಕೆಸರಲ್ಲಿ ಕೂತೇ ಗೊಳ್ಳನೆ ನಕ್ಕರು.

ಮಹಾಸಭೆಯಲ್ಲಿ ಮಂತ್ರಿ ಮಾತಾಡಿದ ಮಧ್ಯಾಹ್ನ ಎಲ್ಲರೂ ಕೆಲಸ ನಿಲ್ಲಿಸಿ, ಕಾಲುವೆಯ ದಂಡೆಯ ಮೇಲೆ ಒಂದು ಫೋನಿನ ಸುತ್ತ ಕೂತು ಕೇಳಿದರು. 'ಮಾತು ಮುರಿದಿದ್ದೇವೆ' ಎಂಬಲ್ಲಿ ಆ ಸಭಾಂಗಣ ಎಷ್ಟು ನಿಶ್ಶಬ್ದವಾಯಿತೆಂದರೆ ಫೋನು ಕೆಟ್ಟಿತೆಂದು ಕಾವಲುಗಾರ ಅದನ್ನು ತಟ್ಟಿ ನೋಡಿದ. ಆಮೇಲೆ ಚಪ್ಪಾಳೆಯೇನೂ ಬೀಳಲಿಲ್ಲ. ಬೇರೊಂದು ದೇಶದ ಪ್ರತಿನಿಧಿ ಎದ್ದು ನಿಂತು, ತಮ್ಮ ವರದಿಯನ್ನು ಒಂದು ದಿನದ ಮಟ್ಟಿಗೆ ಹಿಂದಕ್ಕೆ ಪಡೆಯುವುದಾಗಿ ಹೇಳಿದ. ಕಾರಣ ಹೇಳಲಿಲ್ಲ. ಅವನ ಬೆನ್ನಿಗೆ ಇನ್ನೊಬ್ಬಳು ಎದ್ದಳು.

ಸಂಜೆಯ ಹೊತ್ತಿಗೆ ಮೊದಲ ಕಾಲುವೆಯ ಕಟ್ಟೆಗೆ ಕೊನೆಯ ಹಲಗೆ ಕೂತಿತು. ನೀರು ಸುಳಿಸುಳಿದು, ದಾರಿ ಹುಡುಕಿ, ಸಿಗದೆ ನಿಂತಿತು. ಆಮೇಲೆ ನಿಧಾನವಾಗಿ ದಂಡೆಯ ಬಿರುಕುಗಳೊಳಗೆ ಹಿಂದಕ್ಕೆ ಸರಿಯತೊಡಗಿತು. ಒಣ ನೆಲ ಅದನ್ನು ಕುಡಿಯುವ ಸದ್ದು, ಸಾವಿರಾರು ಸಣ್ಣ ಬಾಯಿಗಳ ಸದ್ದು, ಅವರ ಕಾಲಡಿಯಿಂದ ಕೇಳಿಸುತ್ತಿತ್ತು. ಭಾವ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತು ಕೇಳಿದರು.

"ಇನ್ನೆಷ್ಟಿವೆ?" ಎಂದರು ಕೊನೆಗೆ.

"ಹದಿನೇಳು," ಎಂದಳು ಕೆಸರಮ್ಮ. ಬೆಳಕು ಇನ್ನೂ ಇತ್ತು. ಎರಡನೆಯ ಕಾಲುವೆಗೆ ಗೂಟ ನೆಟ್ಟು ಗುರುತು ಮಾಡಲು ಕಾವಲುಗಾರನೂ ಸೇರಿ ಮೂವರೂ ಹಲಗೆಗಳ ಮೇಲೆ ಹೊರಟರು.