ಅಣಬೆ ಸಂತೆಯ ಮೇಷ್ಟ್ರು

ಗಂಡನ ಶವದ ಪೆಟ್ಟಿಗೆಯ ಪಕ್ಕದಿಂದ ಅವಳು ಮೂರನೇ ಸಲ ಎದ್ದಾಗ ಅವನ ಅಕ್ಕ ಕೈ ಹಿಡಿದೆಳೆದು ಕೂರಿಸಿದಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಒಂದು ಗಳಿಗೆ ಕೂತ್ಕೋ. ಹತ್ತಕ್ಕೆ ಗಾಡಿ ಬರುತ್ತೆ."

"ಹೊರಗೆ ಯಾರೋ ಬಂದಿದಾರೆ, ಅತ್ತಿಗೆ."

ಬಂದವರು ಅಣಬೆ ಸಂತೆಯವರು. ಮಳೆ ಹಿಡಿದ ಮೇಲೆ ಆರೇ ಆರು ಭಾನುವಾರ, ಊರಾಚೆ ಕಾಡಿನ ಅಂಚಿನಲ್ಲಿ ಆ ಸಂತೆ ನಡೆಯುತ್ತಿತ್ತು. ಆರಿಸಿ ತಂದ ಅಣಬೆಯನ್ನು ಅವಳ ಗಂಡ ಒಂದೊಂದಾಗಿ ನೋಡಿ, ವಿಷದ್ದನ್ನು ತೆಗೆದು, ಬುಟ್ಟಿಯ ಹಿಡಿಗೆ ಬಿಳಿ ದಾರ ಕಟ್ಟುತ್ತಿದ್ದ. ದಾರವಿಲ್ಲದ ಬುಟ್ಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಶಾಲೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಅಟೆಂಡರನ್ನು 'ಮೇಷ್ಟ್ರೇ' ಎಂದು ಕರೆಯುತ್ತಿದ್ದುದು ಆ ಸಂತೆಯೊಂದೇ. ನಿನ್ನೆ ಮಧ್ಯಾಹ್ನ ಶಾಲೆಯ ಮೆಟ್ಟಿಲ ಮೇಲೆ ಅವನ ಹೃದಯ ನಿಂತಿತ್ತು. ಇವತ್ತು ಭಾನುವಾರ.

ಬಾಗಿಲಾಚೆ ಚಪ್ಪಲಿಗಳ ಪಕ್ಕ ಏಳು ಬುಟ್ಟಿಗಳಿದ್ದವು. ಎಲ್ಲರೂ ಬುಟ್ಟಿಯಜ್ಜಿ ಎನ್ನುತ್ತಿದ್ದ ಮುದುಕಿ ಮುಂದೆ ಬಂದಳು.

"ಸಾವಿನ ಮನೆಗೆ ವ್ಯಾಪಾರ ಹೊತ್ಕೊಂಡು ಬಂದ್ರು ಅನ್ಕೋಬೇಡ, ತಾಯಿ. ಮೇಷ್ಟ್ರು ಅಣಬೆ ತಿಂದೇ ಸತ್ತರಂತೆ ಅಂತ ಸಂತೇಲೆಲ್ಲ ಗುಲ್ಲು. ಇವತ್ತು ದಾರ ಇಲ್ದೆ ಸಂತೆ ಮುಚ್ಚಿದ್ರೆ ಆ ಮಾತೇ ನಿಜ ಆಗಿಬಿಡುತ್ತೆ. ನೀನು ಅವರ ಪಕ್ಕ ಕೂತು ಕಲಿತೋಳು. ನೋಡಿಕೊಡು."

"ನಾಚಿಕೆ ಆಗಲ್ವಾ?" ಅತ್ತಿಗೆ ಒಳಗಿಂದಲೇ ಗದರಿದಳು. "ಹೆಣ ಇನ್ನೂ ಮನೇಲಿದೆ!"

"ಹೆಣಕ್ಕೆ ಹೆಸರೂ ಇರುತ್ತಲ್ಲಮ್ಮ," ಎಂದಳು ಅಜ್ಜಿ.

ಹೊಸ್ತಿಲಲ್ಲಿ ನಿಂತಿದ್ದ ಅವಳು ಬಗ್ಗಿ ಒಂದು ಅಣಬೆ ಎತ್ತಿ, ಮತ್ತೆ ಅಲ್ಲೇ ಇಟ್ಟಳು.

*

ಮೂರು ವರ್ಷದ ಹಿಂದೆ, ಅವನು ಚಹಾ ಕುಡಿದು ಬರುವಷ್ಟರಲ್ಲಿ, ಅವಳೇ ಒಂದು ಬುಟ್ಟಿಗೆ ದಾರ ಕಟ್ಟಿಬಿಟ್ಟಿದ್ದಳು. ಅವನು ಕೊಂಡವರ ಹಿಂದೆ ಬಸ್ಸಿನವರೆಗೂ ಓಡಿ, ಬುಟ್ಟಿ ಸುರಿದು, ತಳದಿಂದ ಒಂದು ಬಿಳಿ ಅಣಬೆ ಎತ್ತಿದ. ಅದರ ಬುಡದಲ್ಲಿ, ಮಣ್ಣಿನ ಮರೆಯಲ್ಲಿ, ಒಡೆದ ಮೊಟ್ಟೆಯಂಥ ಚೀಲ.

ಬಸ್ಸಿನಲ್ಲಿ ಮನೆಗೆ ಮರಳುವಾಗ ಅವಳು ಹೇಳಿದಳು: "ನಾನು ಒಂದು ಮನೇನೇ ಕೊಂದುಬಿಡ್ತಿದ್ದೆ."

"ಹೂಂ." ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದ, "ಎಮ್ಮೆಸ್ಸಿ ಮೇಡಮ್ಮು, ಪುಸ್ತಕದಲ್ಲಿ ಬುಡದ ಚಿತ್ರ ಇರ್ಲಿಲ್ವಾ?"

"ಇತ್ತು."

"ನಾನು ಹತ್ತನೇ ಕ್ಲಾಸ್ ಫೇಲು. ಅದಕ್ಕೇ ಹೆದರಿಕೆ ಜಾಸ್ತಿ."

ಅವಳಿಗೆ ನಗು ಬಂದಿತ್ತು. ಆಮೇಲೆ ಅವಳು ನೋಡಿದ ಪ್ರತಿ ಬುಟ್ಟಿಯನ್ನೂ ಅವನು ಮತ್ತೊಮ್ಮೆ ನೋಡಿಯೇ ದಾರ ಕಟ್ಟುತ್ತಿದ್ದ.

*

ಹೊಸ್ತಿಲ ಮೇಲೆ ಹಳೆಯ ಪತ್ರಿಕೆ ಹಾಸಿ, ಪೆಟ್ಟಿಗೆಗೆ ಬೆನ್ನು ಮಾಡಿ ಕೂತಳು. ಟೋಪಿ, ಕೆಳಗಿನ ಮಡಿಕೆ, ಕಾಂಡ, ಬುಡ. ಒಳಗೆ ಯಾರೋ, "ತಲೆ ಕೆಟ್ಟಿದೆ ಪಾಪ," ಎಂದರು. ಇನ್ಯಾರೋ, "ಅತ್ತಿದ್ರೆ ಹಗುರಾಗ್ತಿತ್ತು," ಎಂದರು. ಅವಳು ಎರಡನೇ ಬುಟ್ಟಿ ಎಳೆದುಕೊಂಡಳು.

ಏಳನೆಯದು ಅಜ್ಜಿಯದು. ಅದು ಅರ್ಧವಾಗುವಾಗ ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಶಾಲೆಯ ನಾಲ್ವರು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲಿಗೆ ಬಂದರು. ಬಾಗಿಲಲ್ಲಿ ಅವಳು.

"ದಾರಿ ಬಿಡೇ ಮಾರಾಯ್ತಿ," ಎಂದಳು ಅತ್ತಿಗೆ.

ಅವಳ ಕೈಯಲ್ಲಿ ಎರಡು ಅಣಬೆಗಳಿದ್ದವು. "ಇವು ನಂಗೆ ಗೊತ್ತಾಗ್ತಿಲ್ಲ, ಅಜ್ಜಿ."

"ಗೊತ್ತಾಗದೇ ಇದ್ರೆ ಬೇಡ." ಅಜ್ಜಿ ಎರಡನ್ನೂ ಇಸಿದುಕೊಂಡು ಚರಂಡಿಗೆಸೆದಳು.

ಅವಳು ಉಳಿದದ್ದನ್ನೂ ನೋಡಿ ಮುಗಿಸಿದಳು. ದಾರ ಕತ್ತರಿಸಿದಳು. ಹಿಡಿಗೆ ಸುತ್ತಿದವಳು ಗಂಟು ಹಾಕದೆ ತಡೆದಳು. ಬಿಚ್ಚಿ, ಇಡೀ ಬುಟ್ಟಿಯನ್ನು ಮತ್ತೆ ಪತ್ರಿಕೆಯ ಮೇಲೆ ಸುರಿದಳು.

"ಏನೇ ಇದು?"

"ಇನ್ನೊಂದ್ಸಲ ನೋಡಬೇಕು, ಅತ್ತಿಗೆ."

ಅತ್ತಿಗೆ ಪತ್ರಿಕೆಯ ಮೇಲಿನ ರಾಶಿಯನ್ನು ನೋಡಿದಳು. ಆಮೇಲೆ ಅವಳ ತಲೆಯ ಮೇಲಿಂದ ಬೀದಿಗೆ ಕೂಗಿದಳು: "ಏಯ್, ಹಾರ್ನ್ ನಿಲ್ಸಯ್ಯ!"

ಹಾರ್ನ್ ನಿಂತಿತು. ಅವಳು ಮೊದಲ ಅಣಬೆಯನ್ನು ಬೆಳಕಿಗೆ ತಿರುಗಿಸಿದಳು. ಹಿಂದೆ ನಾಲ್ವರು ಹೊರೆ ಹೊತ್ತು ನಿಂತೇ ಇದ್ದರು. ಅವರಲ್ಲೊಬ್ಬ ಮೆಲ್ಲಗೆ ಹೆಗಲು ಬದಲಿಸಿದ.